ಗಾಯಗೊಂಡ ಬೆಕ್ಕನ್ನು ಸಾಕುವುದು ಹೇಗೆ? (ನಾನು ಕಲಿತ ಪಾಠ)



ಈ ತಿಂಗಳ ಗೋಡೆ ಪತ್ರಿಕೆಗೆ "ನಮ್ಮ ಸಾಕುಪ್ರಾಣಿ" ಎಂಬ ವಿಷಯ ಕೊಟ್ಟಿದ್ದಾರೆ. ನಮ್ಮ ತರಗತಿಯಲ್ಲಿ ಹನ್ನೊಂದು ಜನ ಹಸುವಿನ ಬಗ್ಗೆ ಬರೆದಿದ್ದಾರೆ, ನಾಲ್ಕು ಜನ ನಾಯಿಯ ಬಗ್ಗೆ ಬರೆದಿದ್ದಾರೆ. ಬೆಕ್ಕಿನ ಬಗ್ಗೆ ಯಾರೂ ಬರೆದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಈಗ ನಂಜಿ ಎಂಬ ಒಕ್ಕಣ್ಣಿನ ಬೆಕ್ಕು ಇದೆ. ಅದಕ್ಕಿಂತ ಮೊದಲು, ಹೋದ ವರ್ಷ, ಒಂದು ಮರಿ ಇತ್ತು. ಅದು ಸತ್ತು ಹೋಯಿತು. ಯಾಕೆ ಸತ್ತಿತು ಎನ್ನುವುದನ್ನೂ ಈ ಲೇಖನದಲ್ಲಿ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ.

1. ನಂಜಿ ಸಿಕ್ಕಿದ ದಿನ

ನಮ್ಮ ಊರು ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ, ಕಪಿಲಾ ಹೊಳೆಗೆ ಹತ್ತಿರ ಇದೆ ಎಂದು ನಿಮಗೆಲ್ಲ ಗೊತ್ತು. ಕಬ್ಬು ಕಡಿಯುವ ಕಾಲ ಬಂದರೆ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಹಗಲು ರಾತ್ರಿ ಓಡಾಡುತ್ತವೆ. ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ರಸ್ತೆ ಪಕ್ಕದ ಮೋರಿಯಿಂದ ಸಣ್ಣಗೆ ಸದ್ದು ಕೇಳಿಸಿತು. ಬಗ್ಗಿ ನೋಡಿದೆ. ಬೂದಿ ಬಣ್ಣದ ಬೆಕ್ಕು. ಹಿಂದಿನ ಒಂದು ಕಾಲು ತಿರುಚಿಕೊಂಡಿತ್ತು. ಎಡಗಣ್ಣಿನಲ್ಲಿ ರಕ್ತ ಇತ್ತು. ಯಾವುದೋ ಗಾಡಿ ಹೊಡೆದು ಹೋಗಿರಬೇಕು.

ನಾನು ಹಿಂದೆ ಮುಂದೆ ಯೋಚಿಸದೆ ಕೈ ಹಾಕಿ ಎತ್ತಿದೆ. ಅದು ನನ್ನ ಬಲಗೈಯನ್ನು ಕಚ್ಚಿತು. ರಕ್ತ ಬಂತು. ಆದರೂ ಬಿಡದೆ ಲಂಗದಲ್ಲಿ ಸುತ್ತಿಕೊಂಡು ಮನೆಗೆ ತಂದೆ.

ಮನೆಯಲ್ಲಿ ಯಾರಿಗೂ ಇಷ್ಟವಾಗಲಿಲ್ಲ. ಅಜ್ಜಿ, "ಹೊತ್ತು ಮುಳ್ಗೋ ಹೊತ್ನಲ್ಲಿ ಒಕ್ಕಣ್ಣಿಂದ ತಂದಿದ್ದೀಯಲ್ಲ ಕೂಸೇ, ಬುಟ್ಬುಟ್ಟು ಬಾ" ಅಂದರು. ಅವ್ವ, "ಇರೋ ಹಸೀಗೇ ಹುಲ್ಲು ಹೊಂಚಕ್ಕಾಯ್ತಿಲ್ಲ, ಕುಂಟು ಬೆಕ್ಕ ಯಾರು ನೋಡ್ಕಂಡರು?" ಅಂದರು. ಅಪ್ಪ ಮಾತ್ರ, "ವಸಿ ತಡೀರಿ, ಬೆಳಗಾನ ಉಳ್ಕಂಡ್ರೆ ನೋಡುವ" ಅಂದು ಹಳೇ ಕುಕ್ಕೆಗೆ ಗೋಣಿಚೀಲ ಹಾಸಿ ಕೊಟ್ಟರು. ಕೈ ಕಚ್ಚಿದ್ದನ್ನು ನಾನು ಹೇಳಲಿಲ್ಲ. ಹೇಳಿದರೆ ಅದೇ ರಾತ್ರಿ ಬೆಕ್ಕನ್ನು ಆಚೆಗೆ ಹಾಕುತ್ತಾರೆ ಎಂದು ಹೆದರಿ, ಸ್ವಲ್ಪ ಅರಿಶಿನ ಮೆತ್ತಿಕೊಂಡು ಮಲಗಿದೆ. ಇದು ದೊಡ್ಡ ತಪ್ಪು.

ಪಾಠ: ಗಾಯಗೊಂಡ ಬೆಕ್ಕಿಗೆ ನೋವು ಮತ್ತು ಭಯ ಇರುತ್ತದೆ. ನಾವು ಉಪಕಾರ ಮಾಡಲು ಬಂದವರು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಬರಿಗೈಯಲ್ಲಿ ಮುಟ್ಟಬಾರದು. ದಪ್ಪ ಟವಲ್ ಅಥವಾ ಗೋಣಿಚೀಲವನ್ನು ಮೇಲೆ ಹಾಕಿ, ತಲೆ ಸಮೇತ ಸುತ್ತಿ, ನಿಧಾನವಾಗಿ ಎತ್ತಬೇಕು. ದೊಡ್ಡವರನ್ನು ಕರೆಯುವುದು ಇನ್ನೂ ಒಳ್ಳೆಯದು. ಗಾಳಿಯಾಡುವ ಬುಟ್ಟಿಯಲ್ಲೋ ತೂತು ಮಾಡಿದ ರಟ್ಟಿನ ಡಬ್ಬದಲ್ಲೋ ಮಲಗಿಸಿ ಕತ್ತಲಾದ, ಸದ್ದಿಲ್ಲದ ಜಾಗದಲ್ಲಿ ಇಡಬೇಕು. ಬಾಯಿಗೆ ಬಲವಂತವಾಗಿ ನೀರು ಹುಯ್ಯಬಾರದು. ಅದು ಶ್ವಾಸಕೋಶಕ್ಕೆ ಹೋಗಿಬಿಡಬಹುದು.

2. ಪಶು ಆಸ್ಪತ್ರೆಯಲ್ಲಿ

ಬೆಳಗ್ಗೆ ನಂಜಿ ಬದುಕಿತ್ತು. ಅಪ್ಪ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ನನ್ನನ್ನೂ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದರು. ಅಲ್ಲಿ ಹಸು, ಎಮ್ಮೆ, ಕುರಿ ತಂದವರು ನಮ್ಮ ಬುಟ್ಟಿ ನೋಡಿ ನಕ್ಕರು. ಒಬ್ಬರು, "ಬೆಕ್ಕಿಗೂ ಡಾಕ್ಟ್ರಾ?" ಅಂದರು. ಆದರೆ ಡಾಕ್ಟರು ನಗಲಿಲ್ಲ. ಮೇಜಿನ ಮೇಲೆ ಇಟ್ಟು ಕಾಲು, ಹೊಟ್ಟೆ, ಒಸಡು, ಕಣ್ಣು ಎಲ್ಲ ನೋಡಿದರು. ಕಾಲಿನ ಮೂಳೆ ಮುರಿದಿದೆ, ಒಂದು ಕಣ್ಣು ಉಳಿಯುವುದು ಕಷ್ಟ, ಆದರೆ ಬೆಕ್ಕು ಉಳಿಯುತ್ತದೆ ಎಂದರು. ಇಂಜೆಕ್ಷನ್ ಕೊಟ್ಟು ಕಾಲಿಗೆ ದಬ್ಬೆ ಕಟ್ಟಿದರು.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. "ಮನೆಯಲ್ಲಿ ಏನಾದರೂ ಮಾತ್ರೆ ಕೊಟ್ಟಿದ್ದೀರಾ? ಜ್ವರದ ಮಾತ್ರೆ, ನೋವಿನ ಮಾತ್ರೆ?"

ಇಲ್ಲ ಅಂದೆ. "ಒಳ್ಳೆಯದಾಯಿತು. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಸಾಕು ಸಾಯಲು. ಮರಿಯಾದರೆ ಅದಕ್ಕಿಂತ ಕಡಿಮೆ ಸಾಕು" ಅಂದರು.

ನಾನು ಅಲ್ಲೇ ಅಳಲು ಶುರು ಮಾಡಿದೆ. ಅಪ್ಪನಿಗೆ ಯಾಕೆ ಎಂದು ಗೊತ್ತಾಗಲಿಲ್ಲ.

3. ಹೋದ ವರ್ಷದ ಮರಿ

ಹೋದ ವರ್ಷ ನಮ್ಮ ಮನೆಯ ಹಿತ್ತಿಲಿಗೆ ಒಂದು ಕೆಂಚು ಮರಿ ಬಂದಿತ್ತು. ನಾನು ಅದನ್ನು ಬಹಳ ಪ್ರೀತಿಯಿಂದ ಸಾಕಿದ್ದೆ. ಒಂದು ದಿನ ಅದು ಮಂಕಾಗಿ ಕೂತಿತ್ತು. ಮುಟ್ಟಿ ನೋಡಿದರೆ ಮೈ ಬಿಸಿ. ಜ್ವರ ಬಂದಿದೆ ಎಂದುಕೊಂಡೆ. ನನಗೆ ಜ್ವರ ಬಂದಾಗ ಅವ್ವ ಕೊಡುವ ಮಾತ್ರೆಯನ್ನೇ ಮುರಿದು, ಹಾಲಿನಲ್ಲಿ ಅರೆದು ಕುಡಿಸಿದೆ. ಸಂಜೆಯ ಹೊತ್ತಿಗೆ ಮರಿಯ ಮುಖ ಊದಿಕೊಂಡಿತು. ಒಸಡು ಕಂದು ಬಣ್ಣಕ್ಕೆ ತಿರುಗಿತು. ಏದುಸಿರು ಬಿಡುತ್ತಿತ್ತು. ಮಾರನೆಯ ದಿನ ಸತ್ತಿತು. ಬಾಳೆ ಬುಡದಲ್ಲಿ ಮಣ್ಣು ಮಾಡಿದೆವು. "ಅದ್ರ ಆಯಸ್ಸು ಅಷ್ಟೇ ಕನವ್ವ" ಅಂತ ಅವ್ವ ಸಮಾಧಾನ ಮಾಡಿದರು. ನಾನೂ ಹಾಗೇ ಅಂದುಕೊಂಡಿದ್ದೆ.

ಡಾಕ್ಟರು ನನಗೆ ಎರಡು ವಿಷಯ ತಿಳಿಸಿದರು.

ಒಂದು: ನಮ್ಮ ದೇಹದ ಉಷ್ಣತೆ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್. ಬೆಕ್ಕಿನದು ಆರೋಗ್ಯವಾಗಿದ್ದಾಗಲೇ 100.5 ರಿಂದ 102.5 ಡಿಗ್ರಿ. ಆದ್ದರಿಂದ ಬೆಕ್ಕನ್ನು ಯಾವಾಗ ಮುಟ್ಟಿದರೂ ನಮ್ಮ ಕೈಗೆ ಬಿಸಿಯಾಗಿಯೇ ಇರುತ್ತದೆ. ನನ್ನ ಮರಿಗೆ ಜ್ವರ ಇತ್ತೋ ಇಲ್ಲವೋ, ಕೈಯಲ್ಲಿ ಮುಟ್ಟಿ ಹೇಳಲು ಆಗುವುದಿಲ್ಲ.

ಎರಡು: ಪ್ಯಾರಸಿಟಮಾಲ್ ಹೊಟ್ಟೆಗೆ ಹೋದರೆ ನಮ್ಮ ಯಕೃತ್ತು ಅದನ್ನು ಬದಲಾಯಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಬಹಳ ಕಡಿಮೆ. ಮಾತ್ರೆ ವಿಷವಾಗಿ ರಕ್ತವನ್ನು ಕೆಡಿಸುತ್ತದೆ. ಕೆಟ್ಟ ರಕ್ತ ಆಮ್ಲಜನಕವನ್ನು ಹೊರುವುದಿಲ್ಲ. ಅದಕ್ಕೇ ಒಸಡು ಕಂದಾಗುವುದು, ಏದುಸಿರು ಬರುವುದು.

ನಾನು ಮರಿಯನ್ನು ದ್ವೇಷದಿಂದ ಕೊಲ್ಲಲಿಲ್ಲ. ಪ್ರೀತಿಯಿಂದಲೇ ಕೊಟ್ಟೆ. ಆದರೆ ತಿಳಿಯದೆ ಕೊಟ್ಟೆ. ಇದನ್ನು ಗೋಡೆ ಪತ್ರಿಕೆಯಲ್ಲಿ ಬರೆಯಲು ನನಗೆ ನಾಚಿಕೆ ಆಯಿತು. ಆದರೆ ನೀವೂ ಇದೇ ತಪ್ಪು ಮಾಡಬಾರದು ಎಂದು ಬರೆದಿದ್ದೇನೆ.

4. ಬೆಕ್ಕು ಕಚ್ಚಿದರೆ ಏನು ಮಾಡಬೇಕು?

ಅದೇ ದಿನ ಡಾಕ್ಟರು ನನ್ನ ಕೈಯಲ್ಲಿದ್ದ ಅರಿಶಿನ ನೋಡಿ, "ಇದೇನಮ್ಮ ಕೈಗೆ?" ಅಂದರು. ಹೇಳಲೇಬೇಕಾಯಿತು. ಅಪ್ಪನ ಮುಖ ಸಣ್ಣದಾಯಿತು. ಅಲ್ಲಿಂದ ಸೀದಾ ಮನುಷ್ಯರ ಸರ್ಕಾರಿ ಆಸ್ಪತ್ರೆಗೆ ಹೋದೆವು.

ರೇಬಿಸ್ ರೋಗ ಹುಚ್ಚುನಾಯಿಯಿಂದ ಮಾತ್ರ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ತಪ್ಪು. ರೋಗ ತಗುಲಿದ ಬೆಕ್ಕು ಕಚ್ಚಿದರೂ, ಪರಚಿದರೂ ಬರಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ತಕ್ಷಣ ಚುಚ್ಚುಮದ್ದು ಹಾಕಿಸಿದರೆ ರೋಗವನ್ನು ತಡೆಯಬಹುದು. 1885ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಅವರು ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ ಮೊದಲ ಸಲ ಈ ಲಸಿಕೆ ಹಾಕಿಸಿ ಉಳಿಸಿದರು. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ಈಗ ವಿಶ್ವ ರೇಬಿಸ್ ದಿನ ಎಂದು ಆಚರಿಸುತ್ತಾರೆ.

ಕಚ್ಚಿದ ಕೂಡಲೇ ಮಾಡಬೇಕಾದ್ದು:

ಅ) ನಲ್ಲಿ ನೀರಿನ ಕೆಳಗೆ ಹಿಡಿದು ಸೋಪಿನಿಂದ 15 ನಿಮಿಷ ತೊಳೆಯಬೇಕು. 15 ನಿಮಿಷ ಎಂದರೆ ನಮ್ಮ ಆಟದ ಪೀರಿಯಡ್ಡಿನ ಹತ್ತಿರ ಹತ್ತಿರ ಅರ್ಧ. ಸುಮ್ಮನೆ ಒರೆಸಿದರೆ ಆಗದು.
ಆ) ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದನ್ನೂ ಹಚ್ಚಬಾರದು.
ಇ) ಅದೇ ದಿನ ಆಸ್ಪತ್ರೆಗೆ ಹೋಗಬೇಕು.
ಈ) ಮನೆಯವರಿಗೆ ಹೇಳಬೇಕು. ಬೈಗುಳಕ್ಕೆ ಹೆದರಬಾರದು.

ನನಗೆ ರಕ್ತ ಬಂದಿದ್ದರಿಂದ ಗಾಯದ ಸುತ್ತ ಒಂದು ಔಷಧಿ ಚುಚ್ಚಿದರು. ಅದು ಬಹಳ ನೋವಾಯಿತು. ಲಸಿಕೆಯನ್ನು ಮೊದಲ ದಿನ, ಅಲ್ಲಿಂದ 3ನೇ ದಿನ, 7ನೇ ದಿನ, 28ನೇ ದಿನ ತೋಳಿಗೆ ಹಾಕಿದರು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹೆದರಿಸುವುದು ಹಳೆಯ ಕಾಲದ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಕಚ್ಚಿದ ಬೆಕ್ಕನ್ನು 10 ದಿನ ಗಮನಿಸಲು ಹೇಳಿದರು. ನಂಜಿಗೆ ಏನೂ ಆಗಲಿಲ್ಲ. ಆ ಹತ್ತು ದಿನ ಅವ್ವ ಸರಿಯಾಗಿ ಊಟ ಮಾಡಲಿಲ್ಲ. ನಾನು ಒಂದು ರಾತ್ರಿ ಸುಳ್ಳು ಮುಚ್ಚಿಟ್ಟಿದ್ದಕ್ಕೆ ಅವರಿಗೆ ಹತ್ತು ದಿನದ ಶಿಕ್ಷೆ ಆಯಿತು.

5. ಗಾಯದ ಆರೈಕೆ

ನಮ್ಮ ಊರಲ್ಲಿ ಹಸುವಿನ ಗಾಯಕ್ಕೆ ಟರ್ಪೆಂಟೈನ್ ಎಣ್ಣೆ ಹಾಕುವುದನ್ನು ನೀವು ನೋಡಿದ್ದೀರಿ. ನಂಜಿಗೂ ಹಾಕಿ ಎಂದು ಇಬ್ಬರು ಬಂದು ಹೇಳಿದರು. ಇನ್ನೊಬ್ಬರು ಫಿನಾಯಿಲ್ ಎಂದರು. ಬೆಕ್ಕಿಗೆ ಇವು ಯಾವುದೂ ಆಗುವುದಿಲ್ಲ. ಯಾಕೆಂದರೆ ಬೆಕ್ಕು ದಿನವೆಲ್ಲ ಮೈ ನೆಕ್ಕಿಕೊಳ್ಳುತ್ತದೆ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಟರ್ಪೆಂಟೈನ್, ಫಿನಾಯಿಲ್, ಸೀಮೆಎಣ್ಣೆ, ಡೆಟಾಲ್ ಎಲ್ಲವೂ ಬೆಕ್ಕಿಗೆ ವಿಷ.

ಡಾಕ್ಟರು ಹೇಳಿಕೊಟ್ಟ ವಿಧಾನ ಇದು. ಅರ್ಧ ಲೀಟರ್ ನೀರು ಕುದಿಸಿ, ಒಂದು ಟೀ ಚಮಚ ಉಪ್ಪು ಹಾಕಿ ಆರಿಸಬೇಕು. ಉಗುರು ಬೆಚ್ಚಗೆ ಇರುವಾಗ ಶುಭ್ರವಾದ ಹತ್ತಿ ಬಟ್ಟೆ ಅದ್ದಿ ಗಾಯ ಒರೆಸಬೇಕು. ಅವರು ಕೊಟ್ಟ ಮುಲಾಮು ಮಾತ್ರ ಹಚ್ಚಬೇಕು. ಗಾಯದಲ್ಲಿ ಹುಳ ಬಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಒಂದು ದಿನ ಉಚ್ಚೆ ಹೊಯ್ಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆಸ್ಪತ್ರೆ ದೂರ ಇರುವವರು ಪಶುಪಾಲನಾ ಇಲಾಖೆಯ 1962 ಸಂಖ್ಯೆಗೆ ಫೋನ್ ಮಾಡಿ ಸಲಹೆ ಕೇಳಬಹುದು.

ನಂಜಿಯ ದಿನಚರಿಯನ್ನು ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದರ ಸಾರಾಂಶ:

ಮೊದಲನೇ ವಾರ: ಕುಕ್ಕೆ ಬಿಟ್ಟು ಹೊರಗೆ ಬರಲಿಲ್ಲ. ಹತ್ತಿರ ಹೋದರೆ ಬುಸ್ ಅನ್ನುತ್ತಿತ್ತು. ಹಳೇ ಬಾಂಡ್ಲಿಗೆ ಹೊಳೆ ಮರಳು ಹಾಕಿ ಪಕ್ಕದಲ್ಲಿಟ್ಟೆ. ಯಾರೂ ಹೇಳಿಕೊಡದೆ ಅದರಲ್ಲೇ ಹೋಗಿ ಮುಚ್ಚಿತು.
ಎರಡನೇ ವಾರ: ಎಡಗಣ್ಣು ಪೂರ್ತಿ ಮುಚ್ಚಿಹೋಯಿತು. ಎಡಗಡೆಯಿಂದ ಮುಟ್ಟಿದರೆ ಬೆಚ್ಚಿ ಬೀಳುತ್ತಿತ್ತು. ಆಮೇಲೆ ನಾನು ಯಾವಾಗಲೂ ಬಲಗಡೆಯಿಂದ, ಹೆಸರು ಕರೆದುಕೊಂಡು ಹೋಗುವುದನ್ನು ಕಲಿತೆ.
ಮೂರನೇ ವಾರ: ಗುರ್ ಗುರ್ ಎಂದಿತು. ಬಹಳ ಖುಷಿಯಾಯಿತು. ಆದರೆ ಬೆಕ್ಕು ನೋವಿನಲ್ಲೂ ಗುರ್ ಎನ್ನುತ್ತದೆ ಎಂದು ಡಾಕ್ಟರು ಹೇಳಿದರು. ಊಟ ಮಾಡುತ್ತಿದೆಯೇ ಎಂದು ನೋಡಿಯೇ ಖುಷಿ ಪಡಬೇಕಂತೆ.
ಐದನೇ ವಾರ: ದಬ್ಬೆ ಬಿಚ್ಚಿದರು. ಮೂಳೆ ಕೂಡಿದೆ, ಸ್ವಲ್ಪ ಸೊಟ್ಟ. ಈಗಲೂ ಕುಂಟುತ್ತದೆ.

6. ಬೆಕ್ಕಿನ ಆಹಾರ

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ" ಎಂಬ ಗಾದೆ ಇದೆ. ಅದಕ್ಕೇ ನಾವೆಲ್ಲ ಬೆಕ್ಕಿಗೆ ಹಾಲೇ ಆಹಾರ ಎಂದುಕೊಂಡಿದ್ದೇವೆ. ನಂಜಿಗೆ ಹಾಲು ಅನ್ನ ಕೊಟ್ಟೆ. ಭೇದಿ ಆಯಿತು. ತಾಯಿ ಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗುವುದಿಲ್ಲ. ಕುಡಿಯಲು ನೀರು ಸಾಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರೂ ಕೊಡಬಾರದು. ಅವು ಬೆಕ್ಕಿನ ರಕ್ತವನ್ನು ಕೆಡಿಸುತ್ತವೆ.

ಇನ್ನೊಂದು ತೊಂದರೆ ಇತ್ತು. ನಮ್ಮ ಮನೆಯಲ್ಲಿ ಮಾಂಸ, ಮೀನು ಮಾಡುವುದಿಲ್ಲ. ಬೆಕ್ಕಿನ ಕಣ್ಣಿಗೆ ಮತ್ತು ಹೃದಯಕ್ಕೆ ಟಾರಿನ್ ಎಂಬ ಪದಾರ್ಥ ಬೇಕು. ಅದು ಮಾಂಸ ಮೀನಿನಲ್ಲಿ ಇದೆ, ಸೊಪ್ಪು ಕಾಳಿನಲ್ಲಿ ಇಲ್ಲ. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಬೇಕಾದಷ್ಟು ತಯಾರಿಸಲು ಬರುವುದಿಲ್ಲ. ಬಹಳ ಕಾಲ ಅದು ಸಿಗದಿದ್ದರೆ ಬೆಕ್ಕು ಕುರುಡಾಗುತ್ತದೆ. ನಂಜಿಗೆ ಇರುವುದೇ ಒಂದು ಕಣ್ಣು.

ಮೊದಲು ನನ್ನ ಗೆಳತಿ ಬಿಸಿಯೂಟದಲ್ಲಿ ಕೊಡುವ ಮೊಟ್ಟೆಯಲ್ಲಿ ಅರ್ಧ ಕೊಟ್ಟಳು. (ಗುರುಗಳು ಕ್ಷಮಿಸಬೇಕು. ಮಕ್ಕಳ ಮೊಟ್ಟೆ ಮಕ್ಕಳೇ ತಿನ್ನಬೇಕು ಎಂದು ಗೊತ್ತು.) ಆದರೆ ಮೊಟ್ಟೆಯಲ್ಲಿ ಟಾರಿನ್ ಕಡಿಮೆ. ಕೊನೆಗೆ ಹೊಳೆಯಲ್ಲಿ ಮೀನು ಹಿಡಿಯುವ ನೆರೆಮನೆ ಮಾವನನ್ನು ಕೇಳಿದೆ. ಅವರ ಮನೆಯ ಅತ್ತೆ ಸಣ್ಣ ಮೀನನ್ನು ಉಪ್ಪು ಖಾರ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ಹಿತ್ತಿಲಿನ ಕಲ್ಲಿನ ಮೇಲೆ ಹಾಕುತ್ತೇನೆ. ಅಜ್ಜಿ ಬೈಯುತ್ತಾರೆ ಎಂದು ಹೆದರಿದ್ದೆ. ಅವರು ನೋಡಿ ಸುಮ್ಮನಿದ್ದು ಆಮೇಲೆ ಅಂದರು: "ಅದ್ರ ಹೊಟ್ಟೇಗೆ ದ್ಯಾವ್ರು ಏನ ಬರ್ದಿದ್ದಾನೋ ಅದ ಹಾಕ್ಬೇಕು ಕನ ಕೂಸೇ. ಒಳೀಕ್ ಮಾತ್ರ ತರ್ಬ್ಯಾಡ."

7. ಹೊಳೆ ಆಚೆ ಬಿಟ್ಟು ಬರುವುದು

ನಮ್ಮ ಕಡೆ ಬೇಡದ ಬೆಕ್ಕಿನ ಮರಿಗಳನ್ನು ಚೀಲಕ್ಕೆ ಹಾಕಿ ಹೊಳೆ ಆಚೆಗೋ ಸಂತೆ ಬಯಲಿಗೋ ಬಿಟ್ಟು ಬರುತ್ತಾರೆ. "ನಾವೇನು ಸಾಯಿಸ್ಲಿಲ್ಲವಲ್ಲ" ಎನ್ನುತ್ತಾರೆ. ಆದರೆ ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಈ ಕಾಯಿದೆ ಬರಲು ಶ್ರಮಿಸಿದವರು ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್. 1962ರಲ್ಲಿ ಶುರುವಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ನಮ್ಮ ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಬಗ್ಗೆ ಅನುಕಂಪ ಇರಬೇಕು ಎಂದು ಇದೆ. ಸಮಾಜ ಪಾಠದಲ್ಲಿ ಬಾಯಿಪಾಠ ಮಾಡಿದ್ದೆ. ಅದು ಬೆಕ್ಕಿಗೂ ಸೇರುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲೆಂಡಿನ ಮಹಿಳೆ "ಕೂಪಾ" ಎಂಬ ಪ್ರಾಣಿ ರಕ್ಷಣಾ ಸಂಸ್ಥೆ ಶುರು ಮಾಡಿದರು. ಅದಕ್ಕೂ ಮೊದಲು ದೆಹಲಿ ಮತ್ತು ಜೈಪುರದಲ್ಲಿ ಗಾಯಗೊಂಡ ಪ್ರಾಣಿಗಳಿಗಾಗಿಯೇ ದುಡಿದಿದ್ದರು. ದೆಹಲಿಯಲ್ಲಿ ಗಾಯಗೊಂಡು ಬಿದ್ದಿದ್ದ ಒಂದು ಕುದುರೆಯನ್ನು ಕಂಡದ್ದೇ ಅವರು ಈ ಕೆಲಸಕ್ಕೆ ಇಳಿಯಲು ಕಾರಣ.

ಇನ್ನು ನಮ್ಮ ನಂಜನಗೂಡಿನ ಕಥೆಯೇ ಇದೆ. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಕಾಣದಂತಾಗಿತ್ತಂತೆ. ಶ್ರೀಕಂಠೇಶ್ವರನಿಗೆ ಪೂಜೆ ಮಾಡಿಸಿದ ಮೇಲೆ ಕಣ್ಣು ಬಂತಂತೆ. ಸುಲ್ತಾನ ಸಂತೋಷಪಟ್ಟು ಪಚ್ಚೆಯ ಲಿಂಗ ಅರ್ಪಿಸಿ ದೇವರನ್ನು "ಹಕೀಮ ನಂಜುಂಡ" ಎಂದು ಕರೆದನಂತೆ. ಹಕೀಮ ಎಂದರೆ ವೈದ್ಯ. ಈ ಕಥೆಯನ್ನು ನನಗೆ ಹೇಳಿದ್ದು ಅಜ್ಜಿಯೇ. "ರಾಜ ಆನೆ ಕಣ್ಣಿಗೆ ಅಷ್ಟು ಮಾಡುದ್ನಲ್ಲಜ್ಜಿ, ನಾನು ಬೆಕ್ಕಿನ ಕಣ್ಣಿಗೆ ವಸಿ ಮಾಡ್ಬಾರ್ದಾ?" ಅಂದೆ. ಅಜ್ಜಿಗೆ ನಗು ಬಂತು. ನಂಜಿ ಎಂದು ಹೆಸರಿಟ್ಟಿದ್ದು ಆವತ್ತೇ. ಅಜ್ಜಿಯ ತಂಗಿಯ ಹೆಸರೂ ಅದೇ ಆದ್ದರಿಂದ ಸ್ವಲ್ಪ ಬೈದರು.

ಮರಿಗಳನ್ನು ಬಿಟ್ಟು ಬರುವ ಪಾಪಕ್ಕಿಂತ ಮರಿ ಹಾಕದಂತೆ ಆಪರೇಷನ್ ಮಾಡಿಸುವುದು ಒಳ್ಳೆಯದು. ಬೆಕ್ಕು ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಮೂರು ಸೂಲು ಆಗಬಹುದು. ಬೇಸಿಗೆ ರಜೆಯಲ್ಲಿ ನಂಜಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸೋಣ ಎಂದು ಅಪ್ಪ ಒಪ್ಪಿದ್ದಾರೆ.

ಎಚ್ಚರಿಕೆ: ಕಬ್ಬಿನ ಗದ್ದೆಯಲ್ಲಿ ಮರಿ ಸಿಕ್ಕರೆ ಬೆಕ್ಕಿನ ಮರಿ ಎಂದು ಎತ್ತಿಕೊಂಡು ಬರಬೇಡಿ. ಅದು ಕಾಡುಬೆಕ್ಕಿನದಾಗಿರಬಹುದು, ಚಿರತೆಯದೂ ಆಗಿರಬಹುದು. ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆ ಮತ್ತು 2023ರ ಜನವರಿಯಲ್ಲಿ ಚಿರತೆ ದಾಳಿಯಿಂದ ಜನ ಸತ್ತಿದ್ದು ನಿಮಗೆ ನೆನಪಿರಬಹುದು. ಮರಿ ಇದ್ದ ಕಡೆ ತಾಯಿ ಹತ್ತಿರದಲ್ಲೇ ಇರುತ್ತದೆ. ಮುಟ್ಟದೆ ಹಿಂದೆ ಬಂದು ದೊಡ್ಡವರಿಗೆ ಹೇಳಿ, ಅರಣ್ಯ ಇಲಾಖೆಗೆ ತಿಳಿಸಬೇಕು.

8. ಈಗ ನಂಜಿ

ನಂಜಿ ಈಗ ಭತ್ತದ ಮೂಟೆಯ ಮೇಲೆ ಮಲಗುತ್ತದೆ. ಒಂದು ಕಣ್ಣು, ಮೂರೂವರೆ ಕಾಲು. ಆದರೂ ಹೋದ ವಾರ ಒಂದು ಇಲಿ ಹಿಡಿಯಿತು. ಹಿಡಿದು ತಂದು ಅವ್ವನ ಮುಂದೆ ಹಾಕಿತು. ಕುಂಟು ಬೆಕ್ಕ ಯಾರು ನೋಡ್ಕಂಡರು ಎಂದಿದ್ದ ಅವ್ವ ಈಗ ರಾತ್ರಿ ಬಾಗಿಲು ಹಾಕುವ ಮುಂಚೆ, "ನಂಜಿ ಒಳೀಕ್ ಬಂತಾ?" ಎಂದು ಕೇಳಿಯೇ ಅಗುಳಿ ಹಾಕುತ್ತಾರೆ. ಅಜ್ಜಿಯೂ "ಒಕ್ಕಣ್ಣಿಂದು" ಎನ್ನುವುದನ್ನು ಬಿಟ್ಟಿದ್ದಾರೆ.

ಬಾಳೆ ಬುಡದ ಹತ್ತಿರ ಹೋದಾಗ ನನಗೆ ಕೆಂಚು ಮರಿಯ ನೆನಪು ಬರುತ್ತದೆ. ಡಾಕ್ಟರು ಹೇಳಿದ್ದನ್ನು ಒಂದು ವರ್ಷ ಮೊದಲೇ ಯಾರಾದರೂ ಗೋಡೆ ಪತ್ರಿಕೆಯಲ್ಲಿ ಬರೆದಿದ್ದರೆ ನಾನು ಓದುತ್ತಿದ್ದೆ.

ಉಪಸಂಹಾರ

ಪ್ರಾಣಿಗಳನ್ನು ಪ್ರೀತಿಸಬೇಕು ಎಂದು ಎಲ್ಲ ಪಾಠಗಳಲ್ಲೂ ಇದೆ. ಪ್ರೀತಿ ಬೇಕು, ನಿಜ. ಆದರೆ ಪ್ರೀತಿಯ ಜೊತೆ ತಿಳಿವಳಿಕೆಯೂ ಬೇಕು. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಬೇಕು. ಕೇಳಲು ನಾಚಿಕೆ ಪಡಬಾರದು, ತಪ್ಪಾದರೆ ಮುಚ್ಚಿಡಬಾರದು. ಇದೇ ನಾನು ಕಲಿತ ಪಾಠ.

ಓದಿದವರಿಗೆ ಪ್ರಶ್ನೆಗಳು (ಉತ್ತರ ಲೇಖನದಲ್ಲೇ ಇದೆ)

1. ಆರೋಗ್ಯವಾಗಿರುವ ಬೆಕ್ಕಿನ ಮೈ ನಮ್ಮ ಕೈಗೆ ಯಾಕೆ ಬಿಸಿಯಾಗಿರುತ್ತದೆ?
2. ಬೆಕ್ಕಿನ ಗಾಯಕ್ಕೆ ಟರ್ಪೆಂಟೈನ್ ಯಾಕೆ ಹಾಕಬಾರದು?
3. ಬೆಕ್ಕು ಕಚ್ಚಿದರೆ ಎಷ್ಟು ನಿಮಿಷ ತೊಳೆಯಬೇಕು? ಯಾರಿಗೆ ಹೇಳಬೇಕು?
4. ಟಾರಿನ್ ಯಾವ ಆಹಾರದಲ್ಲಿ ಸಿಗುತ್ತದೆ?
5. ನಿಮ್ಮ ಮನೆಯಲ್ಲಿ ಜ್ವರದ ಮಾತ್ರೆ ಎಲ್ಲಿ ಇಟ್ಟಿದ್ದಾರೆ? ಬೆಕ್ಕಿಗೆ, ಮರಿಗಳಿಗೆ ಸಿಗದ ಹಾಗೆ ಇದೆಯೇ? ಇವತ್ತೇ ಹೋಗಿ ನೋಡಿ.

— ಏಳನೇ ತರಗತಿಯ ವಿದ್ಯಾರ್ಥಿನಿ